ದಾರಿ ತೋರುವ ಪೆಟ್ಟಿಗೆಗೆ ಜಾಗವೆಲ್ಲಿ?

ಕಳೆದ ವರ್ಷ ಮೇ ತಿಂಗಳಲ್ಲಿ ನಡೆದ ಸಂಗತಿ. ಹಾಸನದಿಂದ ಧರ್ಮಸ್ಥಳಕ್ಕೆ ಕಾರಿನಲ್ಲಿ ಹೊರಟಿದ್ದೆವು. ಕಾರು ನಡೆಸುತ್ತಿದ್ದವನು ನಾನು. ಪಕ್ಕದಲ್ಲಿ ಎರಡನೆಯ ಪಿಯುಸಿಗೆ ಕಾಲಿಡಲಿದ್ದ ನನ್ನ ತಮ್ಮನ ಮಗ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಅವಳ ಪಕ್ಕದಲ್ಲಿ ಒಂದು ಬುಟ್ಟಿ ಮಾವಿನ ಹಣ್ಣು. ಮುಂದಿನ ಗಾಜಿಗೆ ರಬ್ಬರ್ ಬಟ್ಟಲೊಂದನ್ನು ಒತ್ತಿ, ಅದರ ಉದ್ದನೆಯ ಕತ್ತಿಗೆ ನಮ್ಮ ಹಳೆಯ ಜಿಪಿಎಸ್ ಪೆಟ್ಟಿಗೆಯನ್ನು ಸಿಕ್ಕಿಸಿದ್ದೆ.

ಈಗ ಎಲ್ಲರ ಕೈಯಲ್ಲೂ ದಾರಿ ತೋರುವ ಫೋನು ಇದೆ. ಆದರೂ ನಾನು ಈ ಪೆಟ್ಟಿಗೆಯನ್ನು ಬಿಟ್ಟಿಲ್ಲ. ನಕಾಶೆ ಅದರೊಳಗೇ ಇರುವುದರಿಂದ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋದರೂ ಅದು ಮಂಕಾಗುವುದಿಲ್ಲ. ಅಂಗೈಯಗಲದ ಪರದೆ, ಒಂದು ವಯರು, ಅಷ್ಟೆ.

ಸಕಲೇಶಪುರದಲ್ಲಿ ಊಟಕ್ಕೆ ನಿಂತೆವು. ನೆರಳು ಸಿಗದೆ ಕಾರು ಒಂದು ಗಂಟೆ ಬಿಸಿಲಿನಲ್ಲೇ ಕಾಯಿತು. ಮತ್ತೆ ಹೊರಟು ಶಿರಾಡಿ ಘಾಟಿ ಇಳಿಯುತ್ತಿದ್ದಾಗ, ಒಂದು ತಿರುವಿನಲ್ಲಿ 'ಟಪ್' ಎಂದು ಸದ್ದಾಯಿತು. ಬಟ್ಟಲು ಗಾಜನ್ನು ಬಿಟ್ಟಿತ್ತು. ಪೆಟ್ಟಿಗೆ ನನ್ನ ಮೊಣಕಾಲಿಗೆ ತಾಗಿ ಕಾಲಬುಡಕ್ಕೆ ಉರುಳಿತು. ನಾನು ಮಾಡಬಾರದ ಕೆಲಸ ಮಾಡಿದೆ: ಅದನ್ನು ತೆಗೆಯಲು ಬಗ್ಗಿದೆ.

"ದೊಡ್ಡಪ್ಪಾ, ಬಗ್ಗಬೇಡಿ! ಬಸ್ಸು ಬರ್ತಿದೆ!"

ತಲೆ ಎತ್ತಿ ಬ್ರೇಕು ತುಳಿದೆ. ಪೆಡಲು ಅರ್ಧಕ್ಕೇ ನಿಂತಿತು. ಪೆಟ್ಟಿಗೆ ಅದರ ಕೆಳಗೆ ಸಿಕ್ಕಿಕೊಂಡಿತ್ತು. ಎಡಕ್ಕೆ ಎಳೆದುಕೊಂಡು, ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆ. ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಸ್ವಲ್ಪ ಹೊತ್ತು ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಆಗ ನಮ್ಮ ವೇಗ ಗಂಟೆಗೆ 40 ಕಿ.ಮೀ. ಇದ್ದೀತು. ಎಂದರೆ ಸೆಕೆಂಡಿಗೆ 11 ಮೀಟರ್. ನಾನು ಬಗ್ಗಿದ್ದು ಎರಡೇ ಸೆಕೆಂಡು. ಅಷ್ಟರಲ್ಲಿ ನಾಲ್ಕು ಚಕ್ರದ ಮೇಲೆ ಮೂರು ಜೀವ 22 ಮೀಟರ್ ದೂರ ಕುರುಡಾಗಿ ಇಳಿದಿದ್ದವು.

ಸುಧಾರಿಸಿಕೊಂಡ ಮೇಲೆ ಹುಡುಗ ಕೇಳಿದ ಪ್ರಶ್ನೆ ನನ್ನನ್ನು ಇನ್ನಷ್ಟು ಕುಗ್ಗಿಸಿತು: "ದೊಡ್ಡಪ್ಪಾ, ಬಟ್ಟಲನ್ನು ಹಿಡಿದಿಡೋದು ಹೊರಗಿನ ಗಾಳಿಯ ಒತ್ತಡ ಅಂತ ನೀವೇ ಹೇಳಿಕೊಟ್ಟಿದ್ದು. ಘಾಟಿ ಇಳಿಯುತ್ತಾ ಹೋದರೆ ಒತ್ತಡ ಜಾಸ್ತಿ ಆಗಬೇಕು. ಬಟ್ಟಲು ಇನ್ನೂ ಗಟ್ಟಿಯಾಗಿ ಕೂತುಕೋಬೇಕಿತ್ತಲ್ಲ?"

ವರ್ಷ ವರ್ಷ ಹುಡುಗರಿಗೆ ವಾಯುಮಂಡಲದ ಒತ್ತಡ ಪಾಠ ಮಾಡಿದವನು ನಾನು. ದೀಪದ ಬುಡದಲ್ಲೇ ಕತ್ತಲೆ! ಶಾಲೆ ತೆರೆದ ಮೇಲೆ ವಿಜ್ಞಾನ ಸಂಘದ ಮಕ್ಕಳ ಮುಂದೆ ಈ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಪೆಟ್ಟಿಗೆಯನ್ನು ಕಾರಿನಲ್ಲಿ ಅಚ್ಚುಕಟ್ಟಾಗಿ ಕೂರಿಸುವುದು ಹೇಗೆ ಎಂಬುದೇ ನಮ್ಮ ಆ ತಿಂಗಳ ಚಟುವಟಿಕೆಯಾಯಿತು. ನಾವು ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ಪೆಟ್ಟಿಗೆಗೆ ಅನ್ವಯಿಸುವುದೆಲ್ಲ ಫೋನಿಗೂ ಅನ್ವಯಿಸುತ್ತದೆ.

ಮೊದಲು ಬಟ್ಟಲಿನ ವಿಚಾರ. ಬಟ್ಟಲನ್ನು ಗಾಜಿಗೆ ಒತ್ತಿದಾಗ ಒಳಗಿನ ಗಾಳಿ ಬಹುಪಾಲು ಹೊರಹೋಗುತ್ತದೆ. ಸನ್ನೆಯನ್ನು ಮಡಚಿದಾಗ ಬಟ್ಟಲಿನ ನಡುಭಾಗ ಹಿಂದಕ್ಕೆ ಎಳೆಯಲ್ಪಟ್ಟು ಉಳಿದ ಚೂರು ಗಾಳಿ ಇನ್ನೂ ಹಿಗ್ಗುತ್ತದೆ; ಅದರ ಒತ್ತಡ ಕುಗ್ಗುತ್ತದೆ. ಇದು ಬಾಯ್ಲನ ನಿಯಮ. ಹೊರಗಿನ ಗಾಳಿ ಮಾತ್ರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಲೇ ಇರುತ್ತದೆ. ಬಟ್ಟಲಿನ ವ್ಯಾಸ 6 ಸೆಂ.ಮೀ. ಆದರೆ ವಿಸ್ತೀರ್ಣ 28 ಚದರ ಸೆಂ.ಮೀ. ಒಳಗೆ ಪೂರ್ತಿ ನಿರ್ವಾತವಿದ್ದರೆ 28 ಕಿಲೋ ತೂಕದ ಬಲ ಅದನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ! 1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಆಟೋ ಫಾನ್ ಗೆರಿಕೆ, ಗಾಳಿ ತೆಗೆದ ಎರಡು ಲೋಹದ ಅರ್ಧಗೋಲಗಳನ್ನು ಕುದುರೆಗಳಿಂದ ಎಳೆಸಿ ಜನರನ್ನು ಬೆರಗುಗೊಳಿಸಿದ್ದು ಇದೇ ಬಲದಿಂದ.

ನಮ್ಮ ಪೆಟ್ಟಿಗೆಯ ತೂಕವೋ 200 ಗ್ರಾಂ. ಹಾಗಾದರೆ ಬಿದ್ದದ್ದೇಕೆ?

ಮಕ್ಕಳು ಬಟ್ಟಲನ್ನು ಶಾಲೆಯ ಕಿಟಕಿ ಗಾಜಿಗೆ ಒತ್ತಿ ಮರಳಿನ ಚೀಲ ತೂಗಿಬಿಟ್ಟು ನೋಡಿದರು. ಒರೆಸಿ ಒಣಗಿಸಿದ ಗಾಜಿನ ಮೇಲೆ ಎರಡು ಕಿಲೋ ಚೀಲ ಬೆಳಗಿನಿಂದ ಸಂಜೆಯವರೆಗೂ ಅಲುಗಲಿಲ್ಲ. ಸೀಮೆಸುಣ್ಣದ ಧೂಳು ಸವರಿದ ಗಾಜಿನ ಮೇಲೆ ಕೆಲವೇ ನಿಮಿಷಗಳಲ್ಲಿ ಜಾರಿತು. ಡ್ಯಾಶ್‌ಬೋರ್ಡಿನ ತರಿತರಿ ಮೈಯ ಮೇಲಂತೂ ಕೂರಲೇ ಇಲ್ಲ. ಧೂಳಿನ ಒಂದೊಂದು ಕಣವೂ, ತರಿಯ ಒಂದೊಂದು ತಗ್ಗೂ ಗಾಳಿ ಒಳನುಗ್ಗಲು ಕಿಂಡಿಯೇ. ಕೊನೆಗೆ ಬಟ್ಟಲನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಅಂಟಿಸಿದರು. ಮೆತ್ತಗಾದ ಅದರ ಅಂಚು ನಿಧಾನವಾಗಿ ಮೇಲೆದ್ದು ಚೀಲ ಕೆಳಗೆ ಬಿತ್ತು.

ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ ಕೆಳಗಿಳಿಯುವಾಗ ಹೊರಗಿನ ಒತ್ತಡ ಹೆಚ್ಚಿದ್ದು ನಿಜ. ಆದರೆ ಅದಕ್ಕೂ ಮುಂಚೆ ಒಂದು ಗಂಟೆಯ ಬಿಸಿಲು ಬಟ್ಟಲನ್ನು ಮೆತ್ತಗೆ ಮಾಡಿತ್ತು. ಒಳಗೆ ಉಳಿದಿದ್ದ ಚೂರು ಗಾಳಿಯೂ ಕಾದು ಹಿಗ್ಗಿತ್ತು. ಸಾಲದ್ದಕ್ಕೆ ನನ್ನ ಗಾಜಿನ ಮೇಲೆ ವಾರದ ಧೂಳಿತ್ತು. ಇನ್ನೊಂದು ತಪ್ಪೂ ನನ್ನದೇ. ಬಟ್ಟಲಿನ ಕತ್ತು 20 ಸೆಂ.ಮೀ. ಉದ್ದ. 5 ಸೆಂ.ಮೀ. ಕತ್ತಿಗಿಂತ ಅದು ಬಟ್ಟಲನ್ನು ನಾಲ್ಕು ಪಟ್ಟು ತಿರುಚುತ್ತದೆ. ಕಾರು ಗುಂಡಿಗೆ ಇಳಿದು ಎದ್ದಾಗಲೆಲ್ಲ ಆ ಎಳೆತ ಇನ್ನೂ ಹೆಚ್ಚುತ್ತದೆ. ಅಗುಳಿಯ ಕಡೆ ಕೈಯಿಟ್ಟು ಬಾಗಿಲು ತಳ್ಳುವುದು ಸುಲಭ, ಕೀಲಿನ ಬಳಿ ತಳ್ಳುವುದು ಕಷ್ಟ ಅಲ್ಲವೆ? ಅದೇ ಲೆಕ್ಕ.

ಇನ್ನು ಜಾಗದ ಪ್ರಶ್ನೆ. ಇಲ್ಲಿ ಮೂರು ಜನರ ಮಾತು ಕೇಳಬೇಕು: ಆಕಾಶದ್ದು, ಕಣ್ಣಿನದು, ಬಿಸಿಲಿನದು.

ಆಕಾಶದ ಮಾತು ಏನು? ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅಮೆರಿಕದ ಸೇನೆಗಾಗಿ ಹುಟ್ಟಿದ ಈ ವ್ಯವಸ್ಥೆ ಪೂರ್ಣವಾಗಿ ಸಿದ್ಧವಾದದ್ದು 1995ರಲ್ಲಿ. ಸಾರ್ವಜನಿಕರಿಗೆ ಬೇಕೆಂದೇ ಕೊಡುತ್ತಿದ್ದ ಮಬ್ಬು ಸಂಕೇತವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ಕಾರಿನ ಪೆಟ್ಟಿಗೆಗಳು ನಂಬಿಕೆಗೆ ಅರ್ಹವಾದದ್ದು. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂದು ಸಾರುತ್ತಿರುತ್ತದೆ. ಆ ರೇಡಿಯೋ ಸಂಕೇತ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಬಂದರೂ ನೆತ್ತಿಯ ಮೇಲಿನ ಉಪಗ್ರಹದಿಂದ ನಮ್ಮನ್ನು ತಲಪಲು ಸೆಕೆಂಡಿನ ಸುಮಾರು 15ನೇ ಒಂದು ಭಾಗ ಬೇಕು. ಈ ತಡವನ್ನು ಅಳೆದು ಪೆಟ್ಟಿಗೆ ದೂರ ಲೆಕ್ಕ ಹಾಕುತ್ತದೆ. ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪು! ಆದ್ದರಿಂದಲೇ ತನ್ನ ಗಡಿಯಾರವನ್ನೂ ತಿದ್ದಿಕೊಳ್ಳಲು ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

ನಮ್ಮ ದೇಶದ್ದೇ ಆದ 'ನಾವಿಕ್' ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಕೇಂದ್ರ ನಮ್ಮ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ. ಉಪಗ್ರಹ ಯಾರದೇ ಆಗಲಿ, ಅದರ ಸಂಕೇತ ಬಲು ಕ್ಷೀಣ. ಗಾಜನ್ನು ದಾಟಿ ಬರುತ್ತದೆ, ಲೋಹವನ್ನು ದಾಟಲಾರದು. ಕಾರಿನ ಮಾಡು ಲೋಹ. ಆದ್ದರಿಂದ ಪೆಟ್ಟಿಗೆಯನ್ನು ಗೇರಿನ ಬಳಿಯ ತಗ್ಗಿನಲ್ಲೋ, ಸೀಟಿನ ಮೇಲೋ ಇಟ್ಟರೆ ಅದಕ್ಕೆ ಆಕಾಶ ಕಾಣುವುದಿಲ್ಲ. ಗಾಜಿನ ಹತ್ತಿರ ಇಡಬೇಕು. ಬಿಸಿಲು ತಡೆಯಲು ಲೋಹದ ಪದರ ಲೇಪಿಸಿದ ಗಾಜಾದರೆ ಅದೂ ಸಂಕೇತವನ್ನು ಕುಗ್ಗಿಸುತ್ತದೆ.

ಹಾಗಾದರೆ ಗಾಜಿನ ನಡುವೆಯೇ, ಕಣ್ಣಿನ ಮಟ್ಟಕ್ಕೆ ಅಂಟಿಸಿದರಾಯಿತು ಎನ್ನುತ್ತೀರಾ? ಈಗ ಕಣ್ಣಿನ ಮಾತು ಕೇಳಿ. ಪೆಟ್ಟಿಗೆಯ ಅಗಲ 12 ಸೆಂ.ಮೀ., ಅದು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದೆ ಎನ್ನಿ. 20 ಮೀಟರ್ ದೂರದ ರಸ್ತೆಯಲ್ಲಿ ಅದು ಎಷ್ಟನ್ನು ಮರೆಮಾಡುತ್ತದೆ? ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಲೆಕ್ಕ ಇದು. 20 ಮೀಟರ್ ಎಂದರೆ 60 ಸೆಂ.ಮೀ.ಗಳ 33 ಪಟ್ಟು. 12 ಸೆಂ.ಮೀ.ಯ 33 ಪಟ್ಟು ಸುಮಾರು 4 ಮೀಟರ್. ನಮಗೆ ಎರಡು ಕಣ್ಣುಗಳಿರುವುದರಿಂದ ಒಂದಕ್ಕೆ ಕಾಣದ್ದು ಸ್ವಲ್ಪ ಇನ್ನೊಂದಕ್ಕೆ ಕಾಣುತ್ತದೆ. ಆದರೂ ಎರಡಕ್ಕೂ ಕಾಣದ ಭಾಗ ಸುಮಾರು 2 ಮೀಟರ್ ಉಳಿಯುತ್ತದೆ. ಗಂಡ, ಹೆಂಡತಿ, ಮಗು ಕೂತ ಸ್ಕೂಟರೊಂದು ಆ ಎರಡು ಮೀಟರಿನಲ್ಲಿ ಮರೆಯಾಗಿಬಿಡಬಲ್ಲದು.

ಕನ್ನಡಿಯ ಕೆಳಗೆ ತೂಗಿಸುವವರಿದ್ದಾರೆ. ಅಲ್ಲಿಂದ ವಯರು ಕಣ್ಣ ಮುಂದೆಯೇ ಜೋತಾಡುತ್ತದೆ. ಚಾಲಕನ ಬಲಗಡೆಯ ಮೂಲೆಯಲ್ಲಿ ಅಂಟಿಸುವವರಿದ್ದಾರೆ. ಅಲ್ಲಿ ಗಾಜಿನ ಪಕ್ಕದ ಕಂಬ ಈಗಾಗಲೇ ಸ್ವಲ್ಪ ರಸ್ತೆಯನ್ನು ನುಂಗಿದೆ, ಪೆಟ್ಟಿಗೆಯೂ ಸೇರಿದರೆ ಬಲತಿರುವಿನಲ್ಲಿ ಎದುರಿನ ವಾಹನವೇ ಕಾಣದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮುಂದಿನ ಗಾಜಿಗೆ ಜಿಪಿಎಸ್ ಅಂಟಿಸಲು 2009ರವರೆಗೆ ಅವಕಾಶವೇ ಇರಲಿಲ್ಲ. ಆಮೇಲೂ ಕೊಟ್ಟದ್ದು ಗಾಜಿನ ಕೆಳಮೂಲೆಗಳನ್ನು ಮಾತ್ರ: ಚಾಲಕನ ಕಡೆ 5 ಅಂಗುಲದ ಚೌಕ, ಪಕ್ಕದವರ ಕಡೆ 7 ಅಂಗುಲದ ಚೌಕ. ಅಂಗುಲ ಲೆಕ್ಕದಲ್ಲಿ ಕಾನೂನು ಬರೆದವರಿಗೆ ಆ ಮರೆಯ ಬೆಲೆ ಗೊತ್ತಿತ್ತು. ನಮ್ಮಲ್ಲಿಯೂ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳ ತಿದ್ದುಪಡಿ, ವಾಹನ ನಡೆಸುವಾಗ ಫೋನಿನಂಥ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಡದಂತೆ ಬಳಸಬಹುದು ಎನ್ನುತ್ತದೆ.

ಮೂರನೆಯದು ಬಿಸಿಲು. ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ. ಡ್ಯಾಶ್‌ಬೋರ್ಡಿನ ಕಪ್ಪು ಮೈ ಅದನ್ನು ಹೀರಿ ಕಾಯುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಬಿರುಬೇಸಗೆಯಲ್ಲಿ ಒಂದೇ ಗಂಟೆಯಲ್ಲಿ ಆ ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಪೆಟ್ಟಿಗೆಯೊಳಗಿನ ಲಿಥಿಯಂ ಬ್ಯಾಟರಿಗೆ 45 ಡಿಗ್ರಿಯ ಮೇಲಿನ ಸೆಖೆ ಆಗಿಬರುವುದಿಲ್ಲ. ಅದರ ಆಯುಸ್ಸು ಕುಗ್ಗುತ್ತದೆ, ಬ್ಯಾಟರಿ ಉಬ್ಬಿಕೊಳ್ಳಲೂಬಹುದು. ಇದಕ್ಕೆ ಪರಿಹಾರ ಜಾಗ ಬದಲಿಸುವುದಲ್ಲ, ಅಭ್ಯಾಸ ಬದಲಿಸುವುದು. ಕಾರು ನಿಲ್ಲಿಸಿದೊಡನೆ ಪೆಟ್ಟಿಗೆಯನ್ನು ಕಳಚಿ ಜೊತೆಗೊಯ್ಯಿರಿ. ಗಾಜಿನ ಮೇಲಿನ ಬಟ್ಟಲಿನ ದುಂಡು ಗುರುತನ್ನೂ ಒರೆಸಿಬಿಡಿ. ಆ ಗುರುತು ಕಂಡರೆ ಒಳಗೆ ಪೆಟ್ಟಿಗೆ ಇದ್ದೀತೆಂದು ಕಳ್ಳನಿಗೆ ಗೊತ್ತಾಗುತ್ತದೆ.

ಮಾತು ಕೇಳಬೇಕಾದ ನಾಲ್ಕನೆಯವರೂ ಒಬ್ಬರಿದ್ದಾರೆ, ಜಡತ್ವದ ನಿಯಮ ಬರೆದ ನ್ಯೂಟನ್. ಗಂಟೆಗೆ 60 ಕಿ.ಮೀ. ವೇಗದ ಕಾರು ಯಾವುದಕ್ಕಾದರೂ ಗುದ್ದಿ ಥಟ್ಟನೆ ನಿಂತರೆ, ಸಡಿಲವಾಗಿ ಇಟ್ಟ ಪೆಟ್ಟಿಗೆ 60 ಕಿ.ಮೀ. ವೇಗದಲ್ಲೇ ಮುಂದುವರಿಯುತ್ತದೆ. 14 ಮೀಟರ್ ಎತ್ತರದಿಂದ, ಎಂದರೆ ಸುಮಾರು ನಾಲ್ಕು ಮಹಡಿಯ ಮೇಲಿಂದ ಬಿದ್ದ ವಸ್ತುವಿನ ವೇಗ ಅದು. ಪೆಟ್ಟಿಗೆಯನ್ನು ಬರಿದೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಳ್ಳುವವರು ಈ ಲೆಕ್ಕ ನೆನಪಿಡಬೇಕು. ಗಾಳಿಚೀಲದ ಮುಚ್ಚಳದ ಮೇಲೂ ಏನನ್ನೂ ಅಂಟಿಸಬಾರದು. ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ 'ಏರ್‌ಬ್ಯಾಗ್' ಎಂದು ಅಕ್ಷರ ಮೂಡಿಸಿರುವ ಕಡೆ ಆ ಮುಚ್ಚಳವಿರುತ್ತದೆ. ಅಪಘಾತವಾದಾಗ ಚೀಲ ಸೆಕೆಂಡಿನ 20ನೇ ಒಂದು ಭಾಗದೊಳಗೆ ಉಬ್ಬುತ್ತದೆ. ಅದರ ಮೇಲಿದ್ದ ವಸ್ತು ಮುಂದೆ ಕೂತವರ ಮುಖಕ್ಕೇ ಬಂದು ಬಡಿಯುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲ ಮೇಲ್ಭಾಗದಲ್ಲೂ ಗಾಜಿನ ಪಕ್ಕದ ಕಂಬದ ಹತ್ತಿರವೂ ಪರದೆಯಂಥ ಗಾಳಿಚೀಲವಿರುತ್ತದೆ. ಆದ್ದರಿಂದ ವಯರನ್ನು ಆ ಕಂಬದ ಹೊದಿಕೆಯೊಳಗೆ ತುರುಕುವ ಸಾಹಸ ಬೇಡ.

ಎಲ್ಲರ ಮಾತು ಕೇಳಿ ಕೊನೆಗೆ ನಾವು ಹೀಗೆ ಮಾಡಿದೆವು. ಡ್ಯಾಶ್‌ಬೋರ್ಡಿನ ನಡುವೆ, ಏ.ಸಿ. ಗಾಳಿ ಬರುವ ಕಿಂಡಿಗಳ ಮೇಲೆ, ಗಾಜಿನ ಕೆಳಗಂಚಿಗಿಂತ ಪೆಟ್ಟಿಗೆಯ ತಲೆ ಮೇಲೇಳದಂಥ ಜಾಗ ಆರಿಸಿದೆವು. ಅಲ್ಲಿಂದ ಆಕಾಶ ಕಾಣುತ್ತದೆ, ರಸ್ತೆ ಮರೆಯಾಗುವುದಿಲ್ಲ, ತಲೆ ತಿರುಗಿಸದೆ ಕಣ್ಣು ಹೊರಳಿಸಿದರೆ ಸಾಕು. ಗಾಳಿಚೀಲ ಅಲ್ಲಿಲ್ಲ. ತರಿತರಿ ಮೈಯ ಮೇಲೆ ಬಟ್ಟಲು ಕೂರದಲ್ಲ? ಪೆಟ್ಟಿಗೆಯ ಜೊತೆಗೇ ಒಂದು ನಯವಾದ ಪ್ಲಾಸ್ಟಿಕ್ ಬಿಲ್ಲೆ ಬಂದಿತ್ತು. ಇಷ್ಟು ವರ್ಷ ಮೇಜಿನ ಖಾನೆಯಲ್ಲಿ ಮಲಗಿತ್ತು. ಜಾಗವನ್ನು ಒದ್ದೆಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಬಿಲ್ಲೆಯ ಅಡಿಯ ಅಂಟುಹಾಳೆ ಬಿಡಿಸಿ ಗಟ್ಟಿಯಾಗಿ ಒತ್ತಿದೆವು. ಅಂಟು ಕಚ್ಚಿಕೊಳ್ಳಲೆಂದು 24 ಗಂಟೆ ಅದನ್ನು ಮುಟ್ಟಲಿಲ್ಲ. ಮರುದಿನ ಬಿಲ್ಲೆಯ ಮೇಲೆ ಬಟ್ಟಲನ್ನು ಕೂರಿಸಿದೆವು. ಉದ್ದ ಕತ್ತನ್ನು ತೆಗೆದು ಗಿಡ್ಡ ಕತ್ತು ಹಾಕಿದೆವು.

ವಯರು ಎರಡು ಮೀಟರ್ ಉದ್ದ, ಬೇಕಾದದ್ದು ಮುಕ್ಕಾಲು ಮೀಟರ್. ಮೊದಲು ಅದು ಗೇರಿಗೆ ಸುತ್ತಿಕೊಳ್ಳುತ್ತಿತ್ತು. ಈಗ ಪೆಟ್ಟಿಗೆಯಿಂದ ನೇರ ಕೆಳಗೆ, ಡ್ಯಾಶ್‌ಬೋರ್ಡಿನ ಸಂದಿನಲ್ಲೇ ಇಳಿದು ಚಾರ್ಜರ್ ಸಾಕೆಟ್ಟಿಗೆ ಸೇರುತ್ತದೆ. ಮೂರು ಕಡೆ ಅಂಟುಕ್ಲಿಪ್ಪು ಹಾಕಿದೆವು. ಉಳಿದ ವಯರನ್ನು ಸಡಿಲವಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಎಡಗಡೆಯ ಖಾನೆಯೊಳಗೆ ಇಟ್ಟೆವು. ಸ್ಟಿಯರಿಂಗಿನ ಕಡೆಗಾಗಲಿ, ಪೆಡಲುಗಳ ಕಡೆಗಾಗಲಿ ಒಂದು ಎಳೆಯೂ ಹೋಗಬಾರದು ಎಂಬುದು ನಮ್ಮ ಮೊದಲ ನಿಯಮ. ಒಟ್ಟು ಖರ್ಚು ಮೂರು ಕ್ಲಿಪ್ಪು, ಒಂದು ರಬ್ಬರ್ ಬ್ಯಾಂಡು.

ಪಾಲಕರಿಗೆ ಎರಡು ಮಾತು. ಹೋಗುವ ಊರನ್ನು ಕಾರು ಹೊರಡುವ ಮೊದಲೇ ಪೆಟ್ಟಿಗೆಗೆ ಹೇಳಿಬಿಡಿ. ದಾರಿಯಲ್ಲಿ ಬದಲಿಸಬೇಕಾದರೆ ಪಕ್ಕದಲ್ಲಿರುವವರಿಗೆ ಒಪ್ಪಿಸಿ, ಇಲ್ಲವೇ ಕಾರು ನಿಲ್ಲಿಸಿ. ರಾತ್ರಿ ಪರದೆಯ ಬೆಳಕು ತಗ್ಗಿಸಿ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20 ನಿಮಿಷಕ್ಕೂ ಹೆಚ್ಚು ಬೇಕು; ಹೊಳೆಯುವ ಪರದೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮತ್ತೆ, ಏನೇ ಕೆಳಗೆ ಬೀಳಲಿ, ಬೆಲೆಬಾಳುವ ಫೋನೇ ಆಗಲಿ, ಕಾರು ನಿಲ್ಲುವವರೆಗೆ ಅದು ಅಲ್ಲೇ ಇರಲಿ. ನಾವು ಬಗ್ಗುವುದನ್ನು ಪಕ್ಕದಲ್ಲಿ ಕೂತ ಮಗು ನೋಡುತ್ತಿರುತ್ತದೆ. ನಾಳೆ ಅದೂ ಕಾರು ನಡೆಸುತ್ತದೆ.

ದಸರಾ ರಜೆಯಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋದೆವು. ಸಕಲೇಶಪುರದಲ್ಲಿ ಇಳಿಯುವಾಗ ತಮ್ಮನ ಮಗ ಹೇಳಿಸಿಕೊಳ್ಳದೆಯೇ ಪೆಟ್ಟಿಗೆಯನ್ನು ಕಳಚಿ ಜೇಬಿಗೆ ಹಾಕಿಕೊಂಡ. ಘಾಟಿಯ ಆ ತಿರುವು ಬಂದಾಗ ನನ್ನ ಕೈ ಸ್ವಲ್ಪ ಬಿಗಿಯಾಯಿತು. ಪೆಟ್ಟಿಗೆ ಕೂತಲ್ಲೇ ಕೂತಿತ್ತು. ಕೆಳಗಿಳಿದು ಗುಂಡ್ಯ ದಾಟಿದ ಮೇಲೆ ಹಿಂದಿನ ಸೀಟಿನಿಂದ ನನ್ನ ಹೆಂಡತಿ ಕೇಳಿದಳು: "ಈ ಸಲ ಆ ಪೆಟ್ಟಿಗೆ ತಂದಿಲ್ಲವೇ?"

ಮಾಡಿ ನೋಡಿ: ಒಂದು ರಟ್ಟನ್ನು 12 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಶಾಲೆಯ ಮೈದಾನದಲ್ಲಿ ನಿಂತು ಅದನ್ನು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ ಹಿಡಿಯಿರಿ. 20 ಮೀಟರ್ ದೂರದಲ್ಲಿ ಗೆಳೆಯರನ್ನು ಪಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ. ಒಂದು ಕಣ್ಣು ಮುಚ್ಚಿದಾಗ ಎಷ್ಟು ಮಂದಿ ಮರೆಯಾಗುತ್ತಾರೆ, ಎರಡೂ ತೆರೆದಾಗ ಎಷ್ಟು ಮಂದಿ, ಎಣಿಸಿ. ಎಣಿಸಿದ್ದನ್ನು ಮನೆಯಲ್ಲಿ ಕಾರು ನಡೆಸುವವರಿಗೆ ಹೇಳಿ.